ಕಾಲೇಜ್ ಫೇರ್: ಮೂರು ಸಲ ಹೋಗ್ಬಂದ ಮೇಲೆ ನನ್ನ ರಿವ್ಯೂ

ಮಗಳು ಈ ವರ್ಷ ಕಾಲೇಜಿಗೆ ಸೇರಿದ್ಲು, ಮಗ ಈಗ ಹತ್ತನೇ ಕ್ಲಾಸು, ಹೋದ ವಾರ ಅವನ್ನ ಕರ್ಕೊಂಡು ಮತ್ತೊಂದು ಕಾಲೇಜ್ ಫೇರ್‌ಗೆ ಹೋಗ್ಬಂದೆ. ಅಲ್ಲಿಗೆ ಒಟ್ಟು ಮೂರಾಯ್ತು. ಅಮೆರಿಕಕ್ಕೆ ಬಂದು ಮಕ್ಕಳನ್ನ ಇಲ್ಲೇ ಓದಿಸ್ತಿರೋ ನಮ್ಮಂಥೋರಿಗೆ ಈ ಫೇರ್ ಅನ್ನೋದೇ ಹೊಸದು. ನಾವು ಓದೋವಾಗ ಮಾರ್ಕ್ಸ್ ಬಂತು, ರ್ಯಾಂಕ್ ಬಂತು, ಕೌನ್ಸೆಲಿಂಗಲ್ಲಿ ಸಿಕ್ಕಿದ ಸೀಟ್ ತಗೊಂಡ್ವಿ, ಅಷ್ಟೇ. ಕಾಲೇಜಿನೋರೇ ಟೇಬಲ್ ಹಾಕ್ಕೊಂಡು ನಿಂತು ಬಾಮ್ಮ ಏನು ಬೇಕು ಕೇಳು ಅಂತ ಮಕ್ಕಳನ್ನ ಕರೀತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಮೊದಲ್ನೇ ಸಲ ಏನೂ ತಿಳೀದೆ ಹೋಗಿ ಒಂದು ಇಡೀ ಭಾನುವಾರ ಹಾಳು ಮಾಡ್ಕೊಂಡ್ವಿ, ಎರಡನೇ ಸಲ ಹೋಗಿದ್ದು ಮಗಳ ಕಾಲೇಜ್ ಹುಡುಕಾಟಾನೇ ಬದಲಾಯಿಸ್ತು, ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹೇಳೋಕೆ ಇಷ್ಟು ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಹೈಸ್ಕೂಲ್ ಮಕ್ಕಳಿರೋರು ಪೂರ್ತಿ ಓದಿ.

ಸ್ಟಾರ್ ಕೊಡು ಅಂದ್ರೆ ಮೊದಲ್ನೇದಕ್ಕೆ 5ಕ್ಕೆ 2, ಸ್ಕೂಲ್ ಜಿಮ್ಮಲ್ಲಿ ನಡೆದ ಚಿಕ್ಕ ಫೇರ್‌ಗೆ 5ಕ್ಕೆ 5, ಹೋದ ವಾರದ ದೊಡ್ಡ ಫೇರ್‌ಗೆ 4.

ಮೊದಲ್ನೇದು ಮಗಳು ಹನ್ನೊಂದನೇ ಕ್ಲಾಸಲ್ಲಿದ್ದಾಗ, ಫಾಲ್ ಸೀಸನ್ನಲ್ಲಿ. ಯಾರು ನಡೆಸಿದ್ದು ಅಂತ ಹೆಸರು ಬೇಡ. ದೊಡ್ಡ ಹಾಲು, ಒಳಗೆ ಕಾಲಿಟ್ರೆ ಜಾತ್ರೆ. ಸಾಲು ಸಾಲು ಟೇಬಲ್ಲು, ಬಣ್ಣ ಬಣ್ಣದ ಬಟ್ಟೆ, ಎಲ್ಲಾ ಕಡೆ ಬ್ಯಾನರ್ರು, ಕೈಗೆ ಒಂದು ಚೀಲ ಕೊಟ್ರು, ನಾನು ಎದ್ದೆನೋ ಬಿದ್ದೆನೋ ಅಂತ ಎಲ್ಲರಿಗೂ ಗೊತ್ತಿರೋ ಹೆಸರಿನ ಯೂನಿವರ್ಸಿಟಿ ಮುಂದೆ ಲೈನಲ್ಲಿ ನಿಂತೆ. ನಲವತ್ತು ನಿಮಿಷ. ನಮ್ಮ ಸರದಿ ಬಂದಾಗ ಅಲ್ಲಿದ್ದೋರು ಮಗಳ ಕಡೆ ನೋಡಿ ನಿನಗೆ ಏನು ಇಷ್ಟ ಅಂತ ಕೇಳಿದ್ರು, ಅವಳು ಬಾಯಿ ತೆಗೆಯೋದ್ರೊಳಗೆ ನಾನು ಅವಳ ಜಿಪಿಎ, ಅಂದ್ರೆ ಸರಾಸರಿ ಗ್ರೇಡು, ಇಷ್ಟು, ಹೈಸ್ಕೂಲಲ್ಲೇ ಕಾಲೇಜ್ ಮಟ್ಟದ ಎಪಿ ಕೋರ್ಸ್ ಇಷ್ಟು ತಗೊಂಡಿದಾಳೆ, ಬಯಾಲಜಿನೋ ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗೋ ಯೋಚನೆ ಮಾಡ್ತಿದಾಳೆ, ಚಾನ್ಸ್ ಎಷ್ಟಿದೆ ಅಂತ ಒಂದೇ ಉಸಿರಲ್ಲಿ ಹೇಳ್ಬಿಟ್ಟೆ. ಅವರು ನಗ್ತಾ ಎಲ್ಲಾ ಅಪ್ಲಿಕೇಷನ್ನೂ ಪೂರ್ತಿಯಾಗಿ ನೋಡ್ತೀವಿ ಅಂದ್ರು, ಒಂದು ಬ್ರೋಷರ್ ಕೊಟ್ರು, ಆಯ್ತು. ಅವರು ಹೇಳಿದ್ದೆಲ್ಲಾ ವೆಬ್‌ಸೈಟಿನ ಮೊದಲ್ನೇ ಪೇಜಲ್ಲೇ ಇತ್ತು. ಮಗಳು ಅಲ್ಲಿಂದ ಆಚೆಗೆ ಬಾಯೇ ಬಿಡಲಿಲ್ಲ, ಪ್ರತಿ ಟೇಬಲ್ ಹತ್ರಾನೂ ನನ್ನ ಹಿಂದೆ ನಿಲ್ಲೋಳು. ಮನೆಗೆ ಬಂದು ಚೀಲ ಸುರಿದ್ರೆ ಇಪ್ಪತ್ತಾರು ಬ್ರೋಷರ್ರು, ಎಲ್ಲದರ ಮೇಲೂ ಮರದ ಕೆಳಗೆ ಕೂತು ನಗ್ತಿರೋ ಅದೇ ನಾಲ್ಕು ಹುಡುಗರ ಫೋಟೋ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಆ ಹಾಲಲ್ಲಿ ಇನ್ನೊಂದು ಆಯ್ತು, ಅದನ್ನೂ ಹೇಳ್ಬಿಡ್ತೀನಿ, ಯಾಕಂದ್ರೆ ನಮ್ಮೋರು ಸುಮಾರು ಜನ ಇದಕ್ಕೆ ಬೀಳ್ತಾರೆ. ಕಾಲೇಜ್‌ಗಳ ಸಾಲು ಮುಗಿದ ಮೇಲೆ ಮೂಲೇಲಿ ಒಂದು ಟೇಬಲ್ಲು, ನೋಡೋಕೆ ಅದೂ ಕಾಲೇಜಿನ ಟೇಬಲ್ ಥರಾನೇ. ಸ್ಕಾಲರ್‌ಶಿಪ್ ಗ್ಯಾರಂಟಿ, ಫಾರಂ ಎಲ್ಲಾ ನಾವೇ ತುಂಬಿಕೊಡ್ತೀವಿ, ಇವತ್ತೇ ಸೈನ್ ಮಾಡಿದ್ರೆ ಡಿಸ್ಕೌಂಟು ಅಂತ. ನಾನು ಕ್ರೆಡಿಟ್ ಕಾರ್ಡ್ ಕೈಗೆ ತಗೊಂಡಾಗಿತ್ತು, ಮಗಳೇ ತೋಳು ಹಿಡಿದು ಎಳ್ಕೊಂಡು ಬಂದ್ಲು. ಆಮೇಲೆ ಸ್ಕೂಲ್ ಕೌನ್ಸೆಲರ್ ಹೇಳಿದ್ರು, ಅವರು ತುಂಬಿಕೊಡ್ತೀವಿ ಅಂದಿದ್ದು ಓದಿನ ಖರ್ಚಿಗೆ ಸರ್ಕಾರದ ನೆರವು ಕೇಳೋ ಫಾಫ್ಸಾ ಫಾರಂ, ಅದರ ಹೆಸರಿನ ಮೊದಲ್ನೇ ಅಕ್ಷರಾನೇ ಫ್ರೀ ಅನ್ನೋದಕ್ಕೆ ಅಂತ. ಸರ್ಕಾರದ ಫಾರಂ, ಬಿಡಿಗಾಸು ಕೊಡೋ ಹಾಗಿಲ್ಲ. ಫೇರಲ್ಲಿ ಯಾರಾದ್ರೂ ದುಡ್ಡು ಕೇಳ್ತಾ ಗ್ಯಾರಂಟಿ ಅನ್ನೋ ಮಾತಾಡಿದ್ರೆ ಅಲ್ಲಿಂದ ಹೊರಡಿ. ಸ್ಕಾಲರ್‌ಶಿಪ್‌ಗೆ ಹೊರಗಿನೋರು ಯಾರೂ ದುಡ್ಡು ತಗೊಂಡು ಗ್ಯಾರಂಟಿ ಕೊಡೋಕೆ ಆಗಲ್ಲ.

ಎರಡನೇದು ಅದೇ ಸ್ಕೂಲ್ ವರ್ಷದ ಸ್ಪ್ರಿಂಗಲ್ಲಿ, ಮಗಳ ಸ್ಕೂಲ್ ಜಿಮ್ಮಲ್ಲಿ, ಒಂದು ಗುರುವಾರ ಸಾಯಂಕಾಲ. ಬ್ಯಾಸ್ಕೆಟ್‌ಬಾಲ್ ಹೂಪ್ ಕೆಳಗೆ ಮಡಿಸೋ ಟೇಬಲ್ ಹಾಕಿದ್ರು, ನೆಲದ ಮೇಲೆ ಗೆರೆ ಎಲ್ಲಾ ಹಾಗೇ ಕಾಣ್ತಿತ್ತು, ಐವತ್ತು ಕಾಲೇಜ್ ಇದ್ವೋ ಏನೋ. ಬರೋ ಮುಂಚೆ ಮಗಳು ಕಾರಲ್ಲೇ ಹೇಳಿದ್ಲು, ಅಮ್ಮಾ ಈ ಸಲ ನೀನು ಮಾತಾಡ್ಬೇಡ ಪ್ಲೀಸ್, ಬೇಕಾದ್ರೆ ನೀನು ಬೇರೆ ಟೇಬಲ್‌ಗೆ ಹೋಗು, ದುಡ್ಡಿಂದು ಏನಿದ್ಯೋ ಅದನ್ನ ನೀನು ಕೇಳು, ನನ್ನದು ನಾನು ಕೇಳ್ತೀನಿ. ಅವಳು ಹೇಳಿದ ರೀತಿಗೆ ನನಗೆ ಒಂದು ಕ್ಷಣ ಹೊಟ್ಟೆ ಕಿವುಚಿದ ಹಾಗಾಯ್ತು, ಆದ್ರೆ ಸರಿ ಅಂದೆ.

ಒಂದು ಟೇಬಲ್ ಹತ್ರ ಯಾರೂ ಇರ್ಲಿಲ್ಲ. ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜು, ಅಂದ್ರೆ ಒಂದೇ ಕೋರ್ಸ್ ಅಂತಿಲ್ಲದೆ ವಿಜ್ಞಾನ, ಸಾಹಿತ್ಯ ಎಲ್ಲಾ ಕಲಿಸೋ ಥರದ್ದು, ನಾನು ಹೆಸರೇ ಕೇಳಿರ್ಲಿಲ್ಲ, ವಯಸ್ಸಾದ ಒಬ್ಬ ಹೆಂಗಸು ಕನ್ನಡಕ ಮೂಗಿನ ತುದೀಗೆ ಇಳಿಸ್ಕೊಂಡು ನಿಂತಿದ್ರು. ಮಗಳು ಅಲ್ಲಿಗೆ ಹೋದ್ಲು, ನಾನು ಎರಡು ಹೆಜ್ಜೆ ಹಿಂದೆ ಗೋಡೆ ಹತ್ರ ನಿಂತೆ, ಕಿವಿ ಮಾತ್ರ ಅಲ್ಲೇ. ಅವರು ಜಿಪಿಎ ಕೇಳಲಿಲ್ಲ. ಸ್ಕೂಲ್ ಬಿಟ್ಟ ಮೇಲೆ ಏನ್ ಮಾಡ್ತೀಯ ಅಂದ್ರು. ಮಗಳು ಪ್ರತಿ ಶನಿವಾರ ಸ್ಕೂಲ್ ಹಿಂದಿನ ಹಳ್ಳದಲ್ಲಿ ನೀರು ತಗೊಂಡು ಬಯಾಲಜಿ ಟೀಚರ್‌ಗೋಸ್ಕರ ಟೆಸ್ಟ್ ಮಾಡ್ತಾಳೆ, ಒಂದು ಪಟ್ಟೀನ ನೀರಲ್ಲಿ ಅದ್ದಿ ಬಣ್ಣ ನೋಡಿ ನೈಟ್ರೇಟ್ ಎಷ್ಟಿದೆ ಅಂತ ನೋಟ್‌ಬುಕ್ಕಲ್ಲಿ ಬರ್ಕೋತಾಳೆ, ಎರಡು ವರ್ಷದಿಂದ. ಅದನ್ನ ಹೇಳಿದ್ಲು. ಎಲ್ಲರೂ ಓ ನೈಸ್ ಅಂತಾರಲ್ಲ ಹಾಗೆ ಅಂತಾರೆ ಅಂದ್ಕೊಂಡೆ, ಆದ್ರೆ ಅವರು ಕನ್ನಡಕ ಸರಿಮಾಡ್ಕೊಂಡು ಹಾಗಾದ್ರೆ ಎರಡು ವರ್ಷದಲ್ಲಿ ನಿನಗೆ ಏನು ಗೊತ್ತಾಯ್ತು ಅಂದ್ರು.

ನಿಜ ಹೇಳ್ತೀನಿ, ಆ ಪ್ರಶ್ನೇನ ಅಲ್ಲೀತನಕ ಅವಳಿಗೆ ಯಾರೂ ಕೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಮಗಳು ಸ್ವಲ್ಪ ಹೊತ್ತು ಸುಮ್ನಿದ್ಲು, ಆಮೇಲೆ ಶುರು ಮಾಡಿದ್ಲು. ಮಳೆ ಬಂದ ಮಾರನೇ ದಿನ ಸಂಖ್ಯೆ ಏರುತ್ತೆ, ಆದ್ರೆ ಎಲ್ಲಾ ಮಳೇಲೂ ಏರಲ್ಲ, ಲಾನ್‌ಗೆ ಗೊಬ್ಬರ ಹಾಕೋ ಸೀಸನ್ ಮಳೇಲಿ ಮಾತ್ರ ಜಾಸ್ತಿ, ಮೇಲ್ಗಡೆ ಗಾಲ್ಫ್ ಕೋರ್ಸ್ ಇದೆ ಅದರಿಂದಾನಾ ಅಂತ ನನಗೆ ಡೌಟು, ಆದ್ರೆ ಅದನ್ನ ಹೇಗೆ ಪ್ರೂವ್ ಮಾಡೋದು ಗೊತ್ತಿಲ್ಲ ಅಂತ. ಹನ್ನೆರಡು ನಿಮಿಷ ಮಾತಾಡಿದ್ರು ಇಬ್ರೂ. ಅವರು ತಮ್ಮ ಕಾಲೇಜಲ್ಲಿ ನದಿ ನೀರಿನ ಮೇಲೆ ಕೆಲಸ ಮಾಡೋ ಪ್ರೊಫೆಸರ್ ಒಬ್ರ ಹೆಸರನ್ನ ಕಾರ್ಡ್ ಹಿಂದೆ ಬರೆದುಕೊಟ್ರು, ಗ್ರಾಜುಯೇಟ್ ಸ್ಟೂಡೆಂಟ್ಸೇ, ಅಂದ್ರೆ ಮಾಸ್ಟರ್ಸ್ ಪಿಎಚ್‌ಡಿ ಮಾಡೋರೇ ಇಲ್ಲ ನಮ್ಮಲ್ಲಿ, ಅದಕ್ಕೇ ಮೊದಲ್ನೇ ವರ್ಷದಿಂದಾನೇ ಲ್ಯಾಬ್‌ಗೆ ಸೇರ್ಕೋಬಹುದು ಅಂದ್ರು, ನಿನ್ನ ಏರಿಯಾ ಅಪ್ಲಿಕೇಷನ್ ಓದೋದು ನಾನೇ, ನನಗೆ ಮೇಲ್ ಹಾಕು ಅಂದ್ರು.

ಇದನ್ನ ನಾನು ಆಮೇಲೆ ಕೇಳಿ ತಿಳ್ಕೊಂಡೆ, ತುಂಬಾ ಜನಕ್ಕೆ ಗೊತ್ತಿಲ್ಲ. ಸುಮಾರು ಕಾಲೇಜ್‌ಗಳಲ್ಲಿ ಅಡ್ಮಿಷನ್ ಆಫೀಸಿನೋರು ದೇಶಾನ ಏರಿಯಾ ಏರಿಯಾ ಅಂತ ಹಂಚ್ಕೊಂಡಿರ್ತಾರೆ, ನಿಮ್ಮ ಏರಿಯಾಗೆ ಯಾರು ರೆಪ್ಪೋ, ಅಂದ್ರೆ ಪ್ರತಿನಿಧಿಯೋ, ಅವರೇ ಫೇರ್‌ಗೆ ಬರೋದು, ನಿಮ್ಮ ಮಗುವಿನ ಅಪ್ಲಿಕೇಷನ್ ಮೊದಲು ಓದೋದೂ ಎಷ್ಟೋ ಸಲ ಅವರೇ. ಅಂದ್ರೆ ಟೇಬಲ್ ಆಚೆ ನಿಂತಿರೋರು ಬ್ರೋಷರ್ ಹಂಚೋಕೆ ಮಾತ್ರ ಬಂದೋರಲ್ಲ. ಆದ್ರೆ ಎಲ್ಲಾ ಟೇಬಲ್ಲಲ್ಲೂ ಹಾಗಲ್ಲ, ಕೆಲವು ಕಡೆ ಅಲ್ಲಿ ಓದಿ ಹೋದ ಹಳೇ ವಿದ್ಯಾರ್ಥಿಗಳು ವಾಲಂಟಿಯರ್ ಆಗಿ ನಿಂತಿರ್ತಾರೆ. ಅದೂ ಒಳ್ಳೇದೇ, ಹಾಸ್ಟೆಲ್ ಹೇಗಿತ್ತು, ಪ್ರೊಫೆಸರ್ ಸಿಗ್ತಿದ್ರಾ, ವೀಕೆಂಡಲ್ಲಿ ಕ್ಯಾಂಪಸ್ ಖಾಲಿ ಆಗ್ಬಿಡುತ್ತಾ ಅಂತ ಅವರನ್ನ ಕೇಳಿ, ಅವರು ಉಳಿದೋರಿಗಿಂತ ಬಿಚ್ಚಿ ಹೇಳ್ತಾರೆ. ಮೊದಲ್ನೇ ಮಾತಲ್ಲೇ ನೀವು ಅಡ್ಮಿಷನ್ ಆಫೀಸಿಂದ ಬಂದಿರೋದಾ ಇಲ್ಲಾ ಅಲಮ್ನೈನಾ ಅಂತ ಕೇಳ್ಕೊಂಡ್ರೆ ಮುಂದೆ ಏನು ಕೇಳ್ಬೇಕು ಅಂತ ತಿಳಿಯುತ್ತೆ.

ಆ ರಾತ್ರಿ ಮಗಳು ಒಂದೂ ಬ್ರೋಷರ್ ತರಲಿಲ್ಲ, ಐದು ವಿಸಿಟಿಂಗ್ ಕಾರ್ಡ್ ತಂದಿದ್ಲು, ಪ್ರತಿಯೊಂದರ ಹಿಂದೆ ಪೆನ್ಸಿಲ್ಲಲ್ಲಿ ಒಂದೊಂದು ಸಾಲು. ಒಂದು ಟೇಬಲ್ ಬಿಟ್ಟು ಇನ್ನೊಂದಕ್ಕೆ ಹೋಗೋ ಮುಂಚೆ ಪಕ್ಕಕ್ಕೆ ನಿಂತು ಬರ್ಕೊಳ್ಳೋದು, ಇದು ಅವಳೇ ಕಂಡ್ಕೊಂಡ ಉಪಾಯ. ಇದನ್ನ ಮಾಡ್ಲಿಲ್ಲ ಅಂದ್ರೆ ಮನೆಗೆ ಬರೋ ಹೊತ್ತಿಗೆ ಎಲ್ಲಾ ಕಲಸಿಹೋಗುತ್ತೆ, ಯಾವ ಕಾಲೇಜಲ್ಲಿ ಯಾರು ಏನಂದ್ರು ಅಂತ ನೆನಪೇ ಇರಲ್ಲ. ಎರಡು ದಿನದೊಳಗೆ ಐದೂ ಜನಕ್ಕೆ ಮೇಲ್ ಹಾಕಿದ್ಲು, ನಾಲ್ಕೈದು ಸಾಲು, ಥ್ಯಾಂಕ್ಸು, ನಾವು ಇಂಥದ್ದು ಮಾತಾಡಿದ್ವಿ, ಒಂದು ಪ್ರಶ್ನೆ ಉಳಿದಿತ್ತು ಅಂತ. ನಾಲ್ಕು ಜನ ಉತ್ತರ ಬರೆದ್ರು.

ಹೀಗೆ ಮೇಲ್ ಹಾಕಿದ್ರೆ ಅಡ್ಮಿಷನ್ ಸಿಗುತ್ತಾ ಅಂತ ಕೇಳೋರಿಗೆ: ಇಲ್ಲ, ಅಷ್ಟರಿಂದ ಸಿಗಲ್ಲ. ಕೆಲವು ಕಾಲೇಜ್‌ಗಳು ಈ ಮಗು ನಮ್ಮಲ್ಲಿ ಆಸಕ್ತಿ ತೋರಿಸಿದ್ಯಾ ಅಂತ ಲೆಕ್ಕ ಇಡ್ತಾರೆ, ಫೇರ್‌ಗೆ ಬಂದ್ಲಾ, ಮೇಲ್ ಓಪನ್ ಮಾಡಿದ್ಲಾ, ಕ್ಯಾಂಪಸ್ ನೋಡಿದ್ಲಾ ಅಂತ. ಕೆಲವರು ಇದನ್ನ ನೋಡೋದೇ ಇಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ 9 ಅಂಡರ್‌ಗ್ರಾಜುಯೇಟ್ ಕ್ಯಾಂಪಸ್‌ಗಳು ಇದನ್ನ ನೋಡಲ್ಲ, ಅಲ್ಲಿ ಅಡ್ಮಿಷನ್‌ಗೆ ಎಸ್‌ಎಟಿ ಅನ್ನೋ ಪ್ರವೇಶ ಪರೀಕ್ಷೆ ಸ್ಕೋರ್ ಕೂಡ ನೋಡಲ್ಲ. ಯಾವ ಕಾಲೇಜು ಏನು ನೋಡುತ್ತೆ ಅಂತ ಊಹೆ ಮಾಡೋದು ಬೇಡ, ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಅಂತ ಹಾಕಿ ಹುಡುಕಿ, ಅದು ಕಾಲೇಜಿನೋರೇ ತಮ್ಮ ಬಗ್ಗೆ ತುಂಬಿ ಹಾಕೋ ಮಾಹಿತಿ, ಅದರಲ್ಲಿ ಸಿ7 ಅಂತ ಒಂದು ಪಟ್ಟಿ ಇರುತ್ತೆ, ಮಾರ್ಕ್ಸು, ಎಸ್ಸೇ, ರೆಕಮಂಡೇಷನ್ನು, ಅರ್ಜಿದಾರರ ಆಸಕ್ತಿ, ಹೀಗೆ ಒಂದೊಂದರ ಮುಂದೆ ತುಂಬಾ ಮುಖ್ಯ, ಮುಖ್ಯ, ಪರಿಗಣಿಸ್ತೀವಿ, ಪರಿಗಣಿಸಲ್ಲ ಅಂತ ಅವರೇ ಟಿಕ್ ಹಾಕಿರ್ತಾರೆ. ಈ ಒಂದು ಪೇಜ್ ನೋಡ್ಕೊಂಡು ಫೇರ್‌ಗೆ ಹೋದ್ರೆ ಅಲ್ಲಿ ಕೇಳೋ ಅರ್ಧ ಪ್ರಶ್ನೆ ಕೇಳೋದೇ ಬೇಕಾಗಲ್ಲ, ಉಳಿದ ಟೈಮಲ್ಲಿ ನಿಜವಾಗ್ಲೂ ಬೇಕಾಗಿರೋದನ್ನ ಕೇಳ್ಬಹುದು.

ಬೇಕಾಗಿರೋದು ಅಂದ್ರೆ ಏನು ಅಂತ ಈಗ ಹೇಳ್ತೀನಿ, ಇದರಲ್ಲಿ ನಮ್ಮಂಥ ಮನೆಗಳಿಗೆ ಬೇರೆಯೋರಿಗಿಲ್ಲದ ಒಂದು ಪ್ರಶ್ನೆ ಇದೆ.

ಮಗಳು ಅಪ್ಲೈ ಮಾಡೋವಾಗ ಎಚ್4ನಲ್ಲಿದ್ಲು, ಅಂದ್ರೆ ಎಚ್1ಬಿ ಕೆಲಸದ ವೀಸಾದಲ್ಲಿರೋರ ಮನೆಯೋರಿಗೆ ಸಿಗೋ ವೀಸಾ. ನಮ್ಮ ಗ್ರೀನ್ ಕಾರ್ಡ್ ಕ್ಯೂ ಎಷ್ಟು ಉದ್ದ ಅಂತ ನಿಮಗೆ ಗೊತ್ತೇ ಇದೆ. ಎಚ್4 ಮಕ್ಕಳಿಗೆ ಫೆಡರಲ್ ಎಯ್ಡ್, ಅಂದ್ರೆ ಕೇಂದ್ರ ಸರ್ಕಾರದ ನೆರವು ಸಿಗಲ್ಲ, ವಾಪಸ್ ಕೊಡ್ಬೇಕಿಲ್ಲದ ಪೆಲ್ ಗ್ರ್ಯಾಂಟೂ ಇಲ್ಲ, ಫೆಡರಲ್ ಲೋನೂ ಇಲ್ಲ. ಇನ್‌ಸ್ಟೇಟ್ ಟ್ಯೂಷನ್, ಅಂದ್ರೆ ಆ ಸ್ಟೇಟಿನೋರಿಗೆ ಇರೋ ಕಡಿಮೆ ಫೀಸು, ಸಿಗುತ್ತೋ ಇಲ್ವೋ ಅನ್ನೋದು ಒಂದೊಂದು ಸ್ಟೇಟಲ್ಲಿ ಒಂದೊಂದು ಥರ. 21 ತುಂಬಿದ್ರೆ ಎಚ್4 ಮುಗೀತು, ಓದು ಮುಂದುವರಿಸೋಕೆ ಎಫ್1 ಅನ್ನೋ ಸ್ಟೂಡೆಂಟ್ ವೀಸಾಗೋ ಇನ್ನೊಂದಕ್ಕೋ ಬದಲಾಯಿಸ್ಕೋಬೇಕು, ಅದೂ ಸರಿಯಾಗಿ ಡಿಗ್ರಿ ನಡುವೆ ಬರುತ್ತೆ. ಕೆಲವು ಕಾಲೇಜು ಇಲ್ಲೇ ಹೈಸ್ಕೂಲ್ ಓದಿರೋ ಎಚ್4 ಮಕ್ಕಳನ್ನ ಓದೋವಾಗ ಅವರ ಸ್ಕೂಲಿನ ಉಳಿದ ಮಕ್ಕಳ ಜೊತೇಲೇ ಓದುತ್ತೆ, ಆದ್ರೆ ಎಯ್ಡ್ ವಿಷ್ಯಕ್ಕೆ ಬಂದ್ರೆ ಇಂಟರ್‌ನ್ಯಾಷನಲ್ ಲೆಕ್ಕಕ್ಕೆ ಹಾಕುತ್ತೆ. ಇನ್ನು ಕೆಲವು ಎರಡಕ್ಕೂ ಇಂಟರ್‌ನ್ಯಾಷನಲ್ ಅಂತಾನೇ. ಇದನ್ನ ವೆಬ್‌ಸೈಟಲ್ಲಿ ಹುಡುಕಿ ಹುಡುಕಿ ನನಗೆ ಕಣ್ಣು ನೋವು ಬಂದಿತ್ತು. ಎಂಐಟಿ, ಆಮ್‌ಹರ್ಸ್ಟ್ ಥರದ ಬೆರಳೆಣಿಕೆಯಷ್ಟು ಕಾಲೇಜ್‌ಗಳು ಮಾತ್ರ ಇಂಟರ್‌ನ್ಯಾಷನಲ್ ಮಕ್ಕಳಿಗೂ ದುಡ್ಡಿನ ಅಗತ್ಯ ನೋಡದೆ ಅಡ್ಮಿಷನ್ ಕೊಟ್ಟು ಆಮೇಲೆ ಅಗತ್ಯದಷ್ಟು ಎಯ್ಡ್ ಕೊಡ್ತಾರೆ, ಅಂಥ ಕಡೆ ಒಳಗೆ ಹೋಗೋದೇ ಎಷ್ಟು ಕಷ್ಟ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಜಿಮ್ ಫೇರಲ್ಲಿ ನಾನು ಮಾಡಿದ ಕೆಲಸ ಇದು ಒಂದೇ. ಮಗಳು ಒಂದು ಕಡೆ ಹಳ್ಳದ ನೀರಿನ ಕಥೆ ಹೇಳ್ತಿದ್ರೆ ನಾನು ಇನ್ನೊಂದು ಕಡೆ ಟೇಬಲ್ಲಿಂದ ಟೇಬಲ್‌ಗೆ ಹೋಗಿ ಒಂದೇ ಪ್ರಶ್ನೆ ಕೇಳ್ದೆ: ನನ್ನ ಮಗಳು ಎಚ್4, ಇದೇ ಸ್ಕೂಲಲ್ಲಿ ಓದ್ತಿದಾಳೆ, ಅಡ್ಮಿಷನ್‌ಗೆ ಅವಳನ್ನ ಹೇಗೆ ನೋಡ್ತೀರ, ಮೆರಿಟ್ ಸ್ಕಾಲರ್‌ಶಿಪ್‌ಗೆ ಹೇಗೆ ನೋಡ್ತೀರ. ಹನ್ನೊಂದು ಕಾಲೇಜಿಗೆ ಕೇಳ್ದೆ. ಮೂರು ಜನಕ್ಕೆ ಎಚ್4 ಅಂದ್ರೆ ಏನು ಅಂತಾನೇ ಗೊತ್ತಿರ್ಲಿಲ್ಲ, ವಿಚಾರಿಸಿ ಮೇಲ್ ಮಾಡ್ತೀನಿ ಅಂದ್ರು, ಅದರಲ್ಲಿ ಇಬ್ರು ಮಾಡಿದ್ರು. ಉಳಿದೋರು ಅಲ್ಲೇ ನೇರವಾಗಿ ಹೇಳಿದ್ರು. ಆ ಒಂದು ಗಂಟೇಲಿ ನಮ್ಮ ಲಿಸ್ಟಿಂದ ನಾಲ್ಕು ಹೆಸರು ಹೋದ್ವು, ಎರಡು ಹೊಸದು ಬಂದ್ವು. ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅಂತ ನಮ್ಮಮ್ಮ ಹೇಳ್ತಿದ್ಲು, ಆ ಸಾಯಂಕಾಲ ಅದು ತುಂಬಾ ನೆನಪಾಯ್ತು.

ಸಿಟಿಜನ್, ಗ್ರೀನ್ ಕಾರ್ಡ್ ಇರೋರಿಗೆ ಈ ತಲೆನೋವಿಲ್ಲ, ಆದ್ರೆ ಅವರೂ ದುಡ್ಡಿನ ಪ್ರಶ್ನೆ ಕೇಳೋಕೆ ನಾಚ್ಕೋಬಾರ್ದು. ಫೆಡರಲ್ ಎಯ್ಡ್ ತಗೊಳ್ಳೋ ಎಲ್ಲಾ ಕಾಲೇಜೂ ವೆಬ್‌ಸೈಟಲ್ಲಿ ನಿಮ್ಮ ಕೈಯಿಂದ ಎಷ್ಟು ಹೋಗುತ್ತೆ ಅಂತ ಅಂದಾಜು ಹೇಳೋ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡ್ಲೇಬೇಕು ಅಂತ 2011ರಿಂದ ಕಾನೂನಿದೆ, ಫೇರ್‌ಗೆ ಹೋಗೋ ಮುಂಚೆ ಮನೇಲಿ ಕೂತು ಅದನ್ನ ತುಂಬ್ಕೊಂಡು ಹೋಗಿ. ಬ್ರೋಷರ್ ಮೇಲಿರೋ ಫೀಸು ಬೇರೆ, ನೀವು ಕಟ್ಟೋದು ಬೇರೆ. ಅಲ್ಲಿ ಹೋಗಿ ಕೇಳ್ಬೇಕಾಗಿರೋದು ಕ್ಯಾಲ್ಕುಲೇಟರ್ ಹೇಳದೇ ಇರೋದನ್ನ: ಈ ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಬರುತ್ತಾ, ಅದನ್ನ ಉಳಿಸ್ಕೊಳ್ಳೋಕೆ ಜಿಪಿಎ ಎಷ್ಟಿರ್ಬೇಕು, ಹೊರಗಡೆ ಸ್ಕಾಲರ್‌ಶಿಪ್ ಬಂದ್ರೆ ನೀವು ಕೊಡೋದನ್ನ ಕಡಿಮೆ ಮಾಡ್ತೀರಾ. ಈ ಕೊನೇದನ್ನ ಕೇಳಿದಾಗ ಮುಖ ನೋಡಿ, ಎಷ್ಟು ಚೆನ್ನಾಗಿ ಉತ್ತರ ಕೊಡ್ತಾರೆ ಅನ್ನೋದ್ರಲ್ಲೇ ಕಾಲೇಜ್ ಎಂಥದ್ದು ಅಂತ ಸ್ವಲ್ಪ ಗೊತ್ತಾಗುತ್ತೆ. ಹಾರ್ವರ್ಡ್, ಯೇಲ್ ಥರದ ಎಂಟು ಐವಿ ಲೀಗ್ ಕಾಲೇಜುಗಳ ಮುಂದೆ ನಿಂತು ಮೆರಿಟ್ ಸ್ಕಾಲರ್‌ಶಿಪ್ ಎಷ್ಟು ಕೊಡ್ತೀರ ಅಂತ ಮಾತ್ರ ಕೇಳ್ಬೇಡಿ, ಆ ಎಂಟರಲ್ಲಿ ಯಾವುದೂ ಮೆರಿಟ್ ಮೇಲೆ ದುಡ್ಡು ಕೊಡಲ್ಲ, ಮನೆ ಆದಾಯ ನೋಡಿ ಕೊಡೋದಷ್ಟೇ. ವೆಸ್ಟಲ್ಲಿರೋರು ಡಬ್ಲ್ಯುಯುಇ, ಅಂದ್ರೆ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಇದ್ಯಾ ಅಂತ ಕೇಳಿ, ಅದರಲ್ಲಿರೋ ಪಕ್ಕದ ಸ್ಟೇಟ್ ಕಾಲೇಜ್‌ಗಳಲ್ಲಿ ಟ್ಯೂಷನ್ ಅಲ್ಲಿನೋರು ಕಟ್ಟೋದರ ಒಂದೂವರೆ ಪಟ್ಟು ದಾಟಲ್ಲ, ಆದ್ರೆ ಎಲ್ಲಾ ಕೋರ್ಸ್‌ಗೂ ಕೊಡಲ್ಲ, ನಿಮ್ಮ ಮಗು ಕೇಳೋ ಕೋರ್ಸ್‌ಗೆ ಇದ್ಯಾ ಅನ್ನೋದನ್ನ ಬಿಡಿಸಿ ಕೇಳ್ಬೇಕು.

ಗ್ರಾಜುಯೇಷನ್ ರೇಟ್ ಬಗ್ಗೆ ಒಂದು ಮಾತು. ಎಲ್ಲರೂ ದೊಡ್ಡದಾಗಿ ಹಾಕ್ಕೊಳ್ಳೋ ನಂಬರ್ ಹೆಚ್ಚಿನ ಕಡೆ 6 ವರ್ಷದ್ದು, ಅಂದ್ರೆ 6 ವರ್ಷದಲ್ಲಿ ಎಷ್ಟು ಜನ ಮುಗಿಸಿದ್ರು ಅಂತ. ನಾವು 4 ವರ್ಷದ ದುಡ್ಡಿನ ಲೆಕ್ಕ ಹಾಕ್ಕೊಂಡು ಕೂತಿರ್ತೀವಿ. 4 ವರ್ಷದಲ್ಲಿ ಎಷ್ಟು ಜನ ಮುಗಿಸ್ತಾರೆ, ಮೊದಲ್ನೇ ವರ್ಷ ಮುಗಿಸಿದೋರಲ್ಲಿ ಎಷ್ಟು ಜನ ಎರಡನೇ ವರ್ಷಕ್ಕೆ ವಾಪಸ್ ಬರ್ತಾರೆ ಅಂತ ಕೇಳಿ.

ಕಂಪ್ಯೂಟರ್ ಸೈನ್ಸ್ ಬಗ್ಗೆ ಹೇಳದೆ ನಮ್ಮೋರ ರಿವ್ಯೂ ಹೇಗೆ ಮುಗಿಯುತ್ತೆ. ಕೆಲವು ಯೂನಿವರ್ಸಿಟೀಲಿ ಅಪ್ಲೈ ಮಾಡೋವಾಗಲೇ ಸಿಎಸ್‌ಗೆ ಸೇರ್ಬೇಕು, ಆಮೇಲೆ ಒಳಗಿಂದ ಬದಲಾಯಿಸ್ಕೊಳ್ಳೋದು ಬಹಳ ಕಷ್ಟ. ಪರ್ಡ್ಯೂ ಇಂಜಿನಿಯರಿಂಗಲ್ಲಿ ಎಲ್ಲರೂ ಮೊದಲ್ನೇ ವರ್ಷ ಒಟ್ಟಿಗೆ ಫಸ್ಟ್ ಇಯರ್ ಇಂಜಿನಿಯರಿಂಗ್ ಮಾಡಿ ಆಮೇಲೆ ಬ್ರಾಂಚಿಗೆ ಹೋಗ್ತಾರೆ. ಇಲಿನಾಯ್ ಅರ್ಬಾನಾದಲ್ಲಿ ಸಿಎಸ್ ಪ್ಲಸ್ ಅಂತ ಭಾಷಾಶಾಸ್ತ್ರದ ಜೊತೆ, ಸಂಗೀತದ ಜೊತೆ ಸಿಎಸ್ ಸೇರಿಸಿರೋ ಡಿಗ್ರಿಗಳಿವೆ. ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜಲ್ಲಿ ಇಂಜಿನಿಯರಿಂಗ್ ಇಲ್ಲ ಅಂತ ಬಿಟ್ಟು ಹೋಗೋ ಮುಂಚೆ 3-2 ಪ್ರೋಗ್ರಾಂ ಇದ್ಯಾ ಕೇಳಿ, ಮೂರು ವರ್ಷ ಇಲ್ಲಿ ಎರಡು ವರ್ಷ ಕೊಲಂಬಿಯಾದಂಥ ಕಡೆ, ಎರಡು ಡಿಗ್ರಿ. ನಿಜವಾಗ್ಲೂ ವರ್ಷಕ್ಕೆ ಎಷ್ಟು ಜನ ಆ ದಾರೀಲಿ ಹೋಗ್ತಾರೆ ಅಂತಾನೂ ಜೊತೇಲೇ ಕೇಳಿ. ಕೋ-ಆಪ್ ಅನ್ನೋದು, ಅಂದ್ರೆ ಓದೋದ್ರ ನಡುನಡುವೆ ಸಂಬಳಕ್ಕೆ ಕೆಲಸ ಮಾಡೋದು, ಅದು ಶುರುವಾಗಿದ್ದೇ ಯೂನಿವರ್ಸಿಟಿ ಆಫ್ ಸಿನ್ಸಿನಾಟಿಲಿ 1906ರಲ್ಲಿ, ಈಗ ಡ್ರೆಕ್ಸೆಲ್, ನಾರ್ತ್‌ಈಸ್ಟರ್ನ್ ಎಲ್ಲಾ ಇದಕ್ಕೇ ಹೆಸರುವಾಸಿ. ನನ್ನ ಮಗ ಪುಸ್ತಕ ಹಿಡಿದು ಕೂರೋನಲ್ಲ, ಕೈಯಲ್ಲಿ ಏನಾದ್ರೂ ಬಿಚ್ತಾ ಜೋಡಿಸ್ತಾ ಇರ್ಬೇಕು, ಅವನಿಗೆ ಇಂಥ ಕಡೆ ಸರಿ ಅಂತ ನನಗೆ ಅನ್ನಿಸಿದೆ, ಅವನಿಗೆ ಇನ್ನೂ ಹೇಳಿಲ್ಲ.

ಹೋದ ವಾರದ್ದು ಎನ್‌ಎಸಿಎಸಿಯ ನ್ಯಾಷನಲ್ ಕಾಲೇಜ್ ಫೇರ್. ಎನ್‌ಎಸಿಎಸಿ ಅಂದ್ರೆ ಕಾಲೇಜ್ ಅಡ್ಮಿಷನ್ ಕೌನ್ಸೆಲರ್‌ಗಳ ಸಂಘ, 1937ರಿಂದ ಇದೆ, ದೇಶದ ಬೇರೆ ಬೇರೆ ಊರಲ್ಲಿ ಫಾಲು, ಸ್ಪ್ರಿಂಗು ಎರಡು ಸೀಸನ್ನಲ್ಲೂ ಫೇರ್ ನಡೆಸ್ತಾರೆ, ಮಕ್ಕಳಿಗೂ ಅಪ್ಪಅಮ್ಮಂಗೂ ಎಂಟ್ರಿ ಫ್ರೀ. ಮುಂಚೇನೇ ಆನ್‌ಲೈನಲ್ಲಿ ರಿಜಿಸ್ಟರ್ ಮಾಡಿದ್ರೆ ಒಂದು ಬಾರ್‌ಕೋಡ್ ಬರುತ್ತೆ, ಟೇಬಲ್ ಹತ್ರ ಅದನ್ನ ಸ್ಕ್ಯಾನ್ ಮಾಡ್ಸಿದ್ರೆ ಮುಗೀತು, ಪ್ರತಿ ಕಡೆ ಹೆಸರು ಅಡ್ರೆಸ್ಸು ಬರೀತಾ ನಿಲ್ಲೋ ಗೋಳಿಲ್ಲ. ಆದ್ರೆ ಒಂದು ಎಚ್ಚರಿಕೆ, ಸ್ಕ್ಯಾನ್ ಮಾಡ್ಸಿದ ಪ್ರತಿಯೊಬ್ಬರಿಂದಲೂ ಮೇಲ್ ಬರುತ್ತೆ, ಪದವಿ ಮುಗಿಯೋ ತನಕ ಬರುತ್ತೇನೋ ಅನ್ನೋ ಹಾಗೆ ಬರುತ್ತೆ, ಅದಕ್ಕೇ ಮಗನಿಗೆ ಕಾಲೇಜ್ ಕೆಲಸಕ್ಕೆ ಅಂತಾನೇ ಒಂದು ಬೇರೆ ಇಮೇಲ್ ಮಾಡ್ಸಿದೀನಿ, ಹೆಸರಿನದ್ದೇ ಸೀದಾ ಸಾದಾ ಐಡಿ. ಆಟದ ಹೆಸರಿಟ್ಕೊಂಡಿರೋ ಹಳೇ ಐಡಿಯಿಂದ ಅಡ್ಮಿಷನ್ ಆಫೀಸಿಗೆ ಮೇಲ್ ಹೋಗೋದು ಚೆನ್ನಾಗಿರಲ್ಲ.

ಈ ಸಲ ಯಾವ ಯಾವ ಕಾಲೇಜ್ ಬರುತ್ತೆ ಅನ್ನೋ ಲಿಸ್ಟನ್ನ ಮನೇಲೇ ನೋಡಿ ಎಂಟು ಟೇಬಲ್ ಅಂತ ಆರಿಸ್ಕೊಂಡಿದ್ವಿ, ಅದರಲ್ಲಿ ಐದಕ್ಕೆ ಹೋಗೋಕಾಯ್ತು. ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಮೊದಲ್ನೇ ಅರ್ಧ ಗಂಟೆ ಬಂಗಾರ, ಆಮೇಲೆ ಸ್ಕೂಲ್ ಬಸ್‌ಗಳು ಬಂದು ಇಳಿದ್ರೆ ಯಾರ ಮಾತೂ ಯಾರಿಗೂ ಕೇಳಲ್ಲ. ಒಂದು ಸ್ಟಾರ್ ಕಡಿಮೆ ಕೊಟ್ಟಿರೋದು ಅದಕ್ಕೇ, ಗಲಾಟೆ, ಗಟ್ಟಿಯಾಗಿ ಕೂಗಿ ಮಾತಾಡ್ಬೇಕು, ಮೆತ್ತಗೆ ಮಾತಾಡೋ ಮಕ್ಕಳಿಗೆ ಇದು ಸುಲಭ ಅಲ್ಲ. ಅಂಥ ಮಗು ಇದ್ರೆ ಮೊದಲು ತುಂಬಾ ಆಸೆ ಇರೋ ಕಾಲೇಜಿಗೆ ಕಳಿಸ್ಬೇಡಿ, ಯಾವುದಾದ್ರೂ ಖಾಲಿ ಟೇಬಲ್‌ಗೆ ಕಳಿಸಿ, ಒಂದೆರಡು ಕಡೆ ಮಾತಾಡಿ ನಾಲಿಗೆ ಸಡಿಲ ಆದ್ಮೇಲೆ ಬೇಕಾದ ಕಡೆ ಹೋಗ್ಲಿ. ದೊಡ್ಡ ಫೇರಲ್ಲಿ ಇನ್ನೊಂದು ಒಳ್ಳೇದು ಇದೆ, ಪಕ್ಕದ ರೂಮಲ್ಲಿ ಫೈನಾನ್ಷಿಯಲ್ ಎಯ್ಡ್ ಬಗ್ಗೆ ಸೆಷನ್ ಇತ್ತು, ನಮ್ಮನೆಯವರು ಅಲ್ಲಿ ಕೂತು ನೋಟ್ಸ್ ಮಾಡ್ಕೊಂಡ್ರು. ಮೂರು ಜನ ಹೋದ್ರೆ ಮೂರು ಕೆಲಸ ಹಂಚ್ಕೊಳ್ಳಿ, ಮೂರು ಜನಾನೂ ಒಂದೇ ಟೇಬಲ್ ಮುಂದೆ ಗುಂಪು ಕಟ್ಟಿ ನಿಂತ್ರೆ ಮಗು ಮಾತಾಡಲ್ಲ.

ಮಗಳ ವಿಷ್ಯ ಕೇಳ್ತೀರ ಅಂತ ಹೇಳ್ತಿದೀನಿ, ಆ ಕನ್ನಡಕದ ಹೆಂಗಸಿನ ಕಾಲೇಜಿಗೆ ಅವಳಿಗೆ ಅಡ್ಮಿಷನ್ ಬಂತು, ಆದ್ರೆ ದುಡ್ಡು ಹೊಂದಲಿಲ್ಲ, ಏಪ್ರಿಲ್ ಪೂರ್ತಿ ಕೂತು ಲೆಕ್ಕ ಹಾಕಿ ಮೇ 1ರ ಒಳಗೆ ಬೇರೆ ಕಡೆ, ಸ್ಟೇಟ್ ಯೂನಿವರ್ಸಿಟಿಗೆ ಡೆಪಾಸಿಟ್ ಕಟ್ಟಿದ್ವಿ. ಅವರಿಗೆ ಬರಲ್ಲ ಅಂತ ಹೇಳೋ ಮೇಲ್ ಬರೀತಾ ಮಗಳು ಅತ್ಲು. ಆದ್ರೆ ಸುಮಾರು ಕಾಲೇಜಿಗೆ ಒಂದೇ ಅರ್ಜಿ ಹಾಕೋ ಕಾಮನ್ ಆಪ್‌ಗೆ 650 ಪದದ ಎಸ್ಸೇ ಇರುತ್ತಲ್ಲ, ಬೇಸಿಗೆ ಪೂರ್ತಿ ಏನು ಬರೀಲಿ ಏನು ಬರೀಲಿ ಅಂತ ಒದ್ದಾಡ್ತಿದ್ದೋಳು ಕೊನೆಗೆ ಬರೆದಿದ್ದು ಎರಡು ವರ್ಷದಲ್ಲಿ ನಿನಗೆ ಏನು ಗೊತ್ತಾಯ್ತು ಅನ್ನೋ ಪ್ರಶ್ನೆಗೆ ಉತ್ತರಾನೇ. ಎಲ್ಲಾ ಕಾಲೇಜಿಗೂ ಅದೇ ಎಸ್ಸೇ ಹೋಯ್ತು. ಈಗಿರೋ ಕಡೆ ಮೊದಲ್ನೇ ವಾರಾನೇ ವಾಟರ್ ಲ್ಯಾಬ್‌ನ ಪ್ರೊಫೆಸರ್ ಹತ್ರ ಹೋಗಿ ನಿಂತ್ಲಂತೆ, ಫೋನಲ್ಲಿ ಹೇಳಿದ್ಲು, ಹೇಗೆ ಕೇಳ್ಬೇಕು ಅಂತ ನನಗೆ ಗೊತ್ತಿತ್ತಲ್ಲಮ್ಮ ಅಂತ.

ಮಗ ಹೋದ ವಾರ ಐದು ಟೇಬಲ್ಲಲ್ಲಿ ಮೂರರ ಹತ್ರ ಬರೀ ತಲೆ ಆಡಿಸಿದ. ನಾಲ್ಕನೇದ್ರಲ್ಲಿ ನಾನು ದೂರ ಹೋಗಿ ನೀರು ಕುಡೀತಾ ನಿಂತೆ, ತಿರುಗಿ ನೋಡಿದ್ರೆ ಕೈಯಲ್ಲಿ ಏನೋ ಆಕಾರ ಮಾಡಿ ತೋರಿಸ್ತಿದಾನೆ ಆ ರೆಪ್‌ಗೆ, ಅವರು ಬಗ್ಗಿ ನೋಡ್ತಿದಾರೆ. ಗ್ಯಾರೇಜಲ್ಲಿ ಅವನು ಬಿಚ್ಚಿಟ್ಟಿರೋ ಸೈಕಲ್ ಗೇರಿನ ಕಥೆ ಅಂತೆ. ಏನು ಮಾತಾಡಿದ್ರು ಅಂತ ನಾನು ಕೇಳಲಿಲ್ಲ. ವಾಪಸ್ ಬರ್ತಾ ಕತ್ತಲಾಗಿತ್ತು, ಹಿಂದಿನ ಸೀಟಿಂದ ಅಮ್ಮಾ ಒಂದ್ ನಿಮಿಷ ಲೈಟ್ ಹಾಕು ಅಂದ, ಅವರ ಹೆಸರಿನ ಸ್ಪೆಲ್ಲಿಂಗ್ ಕಾರ್ಡಲ್ಲಿ ನೋಡ್ಬೇಕು, ನಾಳೆ ಮೇಲ್ ಹಾಕ್ಬೇಕಲ್ಲ ಅಂತ.